ಫೋನು ಬೇಡ, ಕಾಗದ ಬರೆ

ಹುಲುಲೆ, ಮಾಲ್ಡೀವ್ಸ್
18 ಫೆಬ್ರವರಿ 1999

ಅಕ್ಕನಿಗೆ ಗವಿಸಿದ್ದೇಶನ ನಮಸ್ಕಾರ.

ರಜೆ ಮುಗಿಸಿ ಬಂದು ಕೆಲಸಕ್ಕೆ ಹಾಜರಾದೆ. ನೀನು ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯನ್ನು ತಿರುವನಂತಪುರದ ವಿಮಾನ ನಿಲ್ದಾಣದಲ್ಲಿ ಬಿಚ್ಚಿಸಿ ನೋಡಿದರು, ಮೂಸಿದರು, ತಿರುಗಿ ಕೊಟ್ಟರು. ರೊಟ್ಟಿ ಪುಡಿಯಾಗಿದ್ದವು. ಪುಡಿಯನ್ನೇ ತಿಂದೆ.

ನಿಶ್ಚಿತಾರ್ಥದ ದಿನ ಹಡಗಲಿಯ ಬೀಗರು ನನ್ನ ಕೆಲಸ ಏನೆಂದು ಕೇಳಿದಾಗ ನೀನು "ಪೈಲಟ್ ಇದ್ದಂಗ" ಎಂದುಬಿಟ್ಟೆ. ಹಾಗಲ್ಲ. ನಾನು ಮೆಕ್ಯಾನಿಕ್. ಭಾವ ಕೊಟ್ಟೂರಿನಲ್ಲಿ ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಮಾಡುವ ಹಾಗೆ ನಾನು ವಿಮಾನದ ಇಂಜಿನ್ ನೋಡಿಕೊಳ್ಳುತ್ತೇನೆ. ಅವರಿಗೆ ಸರಿಯಾಗಿ ಹೇಳು, ಮುಂದೆ ಮಾತು ಬರಬಾರದು.

ನಮ್ಮದು ಸಣ್ಣ ಕಂಪನಿ. ಬೆಂಗಳೂರಿಗೆ ಬರುವಂಥ ದೊಡ್ಡ ವಿಮಾನಗಳಲ್ಲ. ಹತ್ತೊಂಬತ್ತು ಜನ ಕೂರುವ, ಎರಡು ಇಂಜಿನ್ನಿನ ಟರ್ಬೊಪ್ರಾಪ್. ಒಂದೊಂದು ಇಂಜಿನ್ನಿನ ಮುಂದೆಯೂ ದೊಡ್ಡ ಪಂಖ ತಿರುಗುತ್ತದೆ. ಇಲ್ಲಿ ಊರೆಂದರೆ ದ್ವೀಪ. ಒಂದು ಊರಿನಿಂದ ಇನ್ನೊಂದು ಊರಿಗೆ ಸಮುದ್ರವೇ ಅಡ್ಡ. ದೋಣಿಯಲ್ಲಿ ಹೊರಟರೆ ದಿನಗಟ್ಟಲೆ ಹಿಡಿಯುತ್ತದೆ, ನಮ್ಮ ವಿಮಾನದಲ್ಲಿ ಕೊಟ್ಟೂರಿಂದ ಹರಪನಹಳ್ಳಿಗೆ ಬಸ್ಸು ಹೋಗುವಷ್ಟು ಹೊತ್ತು. ಹತ್ತುವ ಮೊದಲು ಸಾಮಾನಿನ ಜೊತೆ ಮನುಷ್ಯರನ್ನೂ ತೂಕ ಮಾಡುತ್ತಾರೆ. ದಪ್ಪಗಿರುವ ಹೆಂಗಸರು ತಕ್ಕಡಿಯ ಮೇಲೆ ನಿಂತು ಕಣ್ಣು ಮುಚ್ಚಿಕೊಳ್ಳುತ್ತಾರೆ. ಒಣಮೀನಿನ ಮೂಟೆ, ಗೋಡೆ ಗಡಿಯಾರ, ಬಾಣಂತಿ, ಹೆಣ, ಎಲ್ಲವೂ ನಮ್ಮಲ್ಲೇ ಹೋಗಬೇಕು. ದೂರದ ದ್ವೀಪಗಳಲ್ಲಿ ರಿಪೇರಿಯವರು ಇಲ್ಲದ್ದರಿಂದ ನಾನೂ ಜಮೀಲನೂ ವಿಮಾನದ ಜೊತೆಯಲ್ಲೇ ಹೋಗಿಬರುತ್ತೇವೆ. ಜಮೀಲ್ ಇಲ್ಲಿಯವನೇ, ನನ್ನ ಜೋಡಿ ಕೆಲಸಗಾರ. ಇಂಜಿನ್ ಸದ್ದಿನಲ್ಲಿ ಬಾಯಿ ಮಾತು ನಡೆಯುವುದಿಲ್ಲ, ಎಲ್ಲ ಕೈಸನ್ನೆ.

ಪುಷ್ಪಲತಾ ಅವರಿಗೆ ನಾನು ಒಂದು ಕಾಗದ ಬರೆಯಬಹುದೇ? ವಿಳಾಸ ಕಳಿಸು. ಫೋನು ಮಾಡಬೇಡ. ಇಲ್ಲಿರುವ ಫೋನು ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಗಿಲಲ್ಲಿದೆ, ಏನೂ ಕೇಳಿಸುವುದಿಲ್ಲ.

ನಿನ್ನ ತಮ್ಮ
ಗವಿ

~

ಕೊಟ್ಟೂರು
8 ಮಾರ್ಚ್ 1999

ಗವಿಗೆ ಅಕ್ಕ ಗಂಗಾಂಬಿಕಾ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂತು. ಹೆಣ ಸಾಗಿಸುವ ಸುದ್ದಿಯನ್ನು ಬೀಗರ ಮನೆಯಲ್ಲಿ ನಾನು ಹೇಳುವುದಿಲ್ಲ, ನೀನೂ ಹೇಳಬೇಡ.

ವಿಳಾಸ ಕೊಡುವುದಿಲ್ಲ. ಮದುವೆಗೆ ಮೊದಲೇ ಹುಡುಗ ಕಾಗದ ಬರೆದರೆ ಅಂಚೆಯವನಿಂದ ಹಿಡಿದು ಮನೆಮಂದಿಯೆಲ್ಲ ಓದುತ್ತಾರೆ. ಫೋನಾದರೆ ಆಡಿದ ಮಾತು ಆಡಿದಲ್ಲಿಗೇ ಮುಗಿಯುತ್ತದೆ. ನಮ್ಮ ಬಸ್‌ಸ್ಟ್ಯಾಂಡಿನ ಎದುರು ಗಾಜಿನ ಬಾಗಿಲಿನ ಎಸ್‌ಟಿಡಿ ಬೂತ್ ಆಗಿದೆ. ದುಬೈಯಲ್ಲಿರುವ ಮಕ್ಕಳ ಜೊತೆ ಅಲ್ಲಿಂದಲೇ ಎಲ್ಲರೂ ಮಾತಾಡುತ್ತಾರೆ. ನಿನಗೊಬ್ಬನಿಗೆ ಏನು ಬಂದಿದೆ?

ಮೊನ್ನೆ ಪುಷ್ಪಲತಾಳ ತಂದೆ ಗುರುಸಂಗಪ್ಪನವರು ಮಲ್ಲಿಗೆ ಹೂವಿನ ಲೆಕ್ಕಾಚಾರಕ್ಕೆಂದು ಈ ಕಡೆ ಬಂದವರು ಮನೆಗೆ ಬಂದಿದ್ದರು. ಮಂಡಕ್ಕಿ, ಮಿರ್ಚಿ ಕೊಟ್ಟೆ. ತಿಂದು ಕೈ ತೊಳೆದ ಮೇಲೆ ಹೇಳಿದರು: "ನಮ್ಮ ಹುಡುಗಿ ಏನೂ ಕೇಳಂಗಿಲ್ರಿ. ಆದ್ರ ಶಾಲಿ ಟೀಚರ್ ಅದಾಳ, ಉಳಿದ ಟೀಚರುಗಳು ದಿನಾ ಕೇಳ್ತಾರ, 'ನಿಮ್ಮವರು ಫೋನ್ ಮಾಡಿದ್ರೇನು' ಅಂತ. ಒಂದ್ಸಲ ಮಾತಾಡಿಸಿಬಿಡ್ರಿ."

ನಾನು ಒಪ್ಪಿಕೊಂಡಿದ್ದೇನೆ. ಏಪ್ರಿಲ್ 11, ಭಾನುವಾರ. ಅವಳು ಸೋದರತ್ತೆಯ ಜೊತೆ ಇಲ್ಲಿಗೇ ಬರುತ್ತಾಳೆ. ಸದ್ದಿಲ್ಲದ ಜಾಗದ ನಂಬರ್ ಕಳಿಸು. ಡಿಸೆಂಬರಿನಲ್ಲಿ ತಾಳಿ ಕಟ್ಟುವವನು ಏಪ್ರಿಲ್‌ನಲ್ಲಿ ಮಾತಾಡಲಿಕ್ಕೆ ನಾಚಬಾರದು.

ಅಕ್ಕ

~

ಹುಲುಲೆ
22 ಮಾರ್ಚ್ 1999

ಅಕ್ಕನಿಗೆ,

ಬೇಡವೆಂದರೂ ಕೇಳುವುದಿಲ್ಲ ನೀನು. ನಮ್ಮ ಆಫೀಸಿನ ನಂಬರ್ ಕೆಳಗಿದೆ. ಅಂದು ಸಂಜೆ ನಾನು ಅಲ್ಲಿರುತ್ತೇನೆ. ಲೈನು ಸರಿಯಿರುವುದಿಲ್ಲ, ಅವರಿಗೆ ಮೊದಲೇ ಹೇಳಿರು. ಹೆಚ್ಚು ಹೊತ್ತು ಬೇಡ.

ಗವಿ

~

ಕೊಟ್ಟೂರು
12 ಏಪ್ರಿಲ್ 1999

ಗವಿಸಿದ್ದೇಶನಿಗೆ,

ಆಶೀರ್ವಾದ ಬರೆಯುವ ಮನಸ್ಸಿಲ್ಲ. ಆದದ್ದನ್ನು ಬರೆಯುತ್ತೇನೆ.

ನಿನ್ನೆ ಅವಳೂ ಅವಳ ಸೋದರತ್ತೆಯೂ ಬಂದರು. ಹೊಸ ಸೀರೆ ಉಟ್ಟಿದ್ದಳು. ಬೂತಿನೊಳಗೆ ಒಬ್ಬಳನ್ನೇ ಬಿಟ್ಟು ಬಾಗಿಲು ಹಾಕಿದೆವು. ಮೊದಲು ನಗುತ್ತಿದ್ದಳು. ಆಮೇಲೆ ಗೋಡೆ ಕಡೆ ತಿರುಗಿದಳು. ಸ್ವಲ್ಪ ಹೊತ್ತಿಗೆ ಫೋನು ಇಟ್ಟು ಹೊರಗೆ ಬಂದಳು. ಮುಖ ಇಷ್ಟಾಗಿತ್ತು.

ಅತ್ತೆ ಕೇಳಿದಳು, "ಏನಂದ್ರು?"

"ಹೌದು ಅಂದ್ರು."

"ಹೌದು ಅಂದ್ರ ಚೊಲೋ ಆತಲ್ಲ. ನೀ ಏನು ಕೇಳಿದ್ದಿ?"

ಆ ಹುಡುಗಿ ನನ್ನ ಮುಖ ನೋಡಿ ಹೇಳಿದಳು: "ಒಂದು ಕಾಗದ ಇಲ್ಲ, ಫೋನ್ ಇಲ್ಲ, ಅದಕ್ಕ ಕೇಳಿದೆ. ನಿಮ್ಮಕ್ಕ ಒತ್ತಾಯ ಮಾಡಿ ಒಪ್ಪಿಸ್ಯಾರೇನ್ರಿ ಅಂದೆ. 'ಹೌದು, ಹೌದು' ಅಂದ್ರು. ನಿಮಗ ಮನಸ್ಸಿಲ್ಲೇನು ಅಂದೆ. ಅದಕ್ಕೂ ಹೌದು ಅಂದ್ರು. ನಕ್ಕೋಂತ ಅಂದ್ರು."

ಬಸ್‌ಸ್ಟ್ಯಾಂಡಿನಲ್ಲಿ ಜನ ತಿರುಗಿ ನೋಡುತ್ತಿದ್ದರು. ಮನೆಗೆ ಬರ್ರಿ, ಚಹಾ ಕುಡಿದು ಹೋಗ್ರಿ ಎಂದೆ. ಅತ್ತೆ, "ಚಹಾ ಬ್ಯಾಡ್ರಿ ಯಕ್ಕಾ, ಹಡಗಲಿ ಬಸ್ಸು ನಿಂತೈತಿ" ಎಂದು ಹೊರಟೇಬಿಟ್ಟಳು.

ಗವಿ, ನಾನು ನಿನಗೆ ಒತ್ತಾಯ ಮಾಡಿದೆನೇ? ಹೆಣ್ಣು ನೋಡಿ ಬಂದ ದಿನ ಜಗಲಿಯ ಮೇಲೆ ಕೂತು "ನಿನಗ ಒಪ್ಪಿಗಿ ಐತೇನು" ಎಂದು ನಿನ್ನ ಭಾವನ ಎದುರಿಗೇ ಕೇಳಿದ್ದೆ. "ಐತಿ" ಎಂದವನು ನೀನೇ. ಅವ್ವ ಹೋದ ಮೇಲೆ ನಿನಗೆ ಬೈದಿದ್ದೇನೆ, ಹೊಡೆದಿದ್ದೇನೆ. ಆದರೆ ಬೇಡವಾದದ್ದನ್ನು ತಿನ್ನಿಸಿಲ್ಲ. ಮನಸ್ಸಿನಲ್ಲಿ ಬೇರೆ ಇದ್ದರೆ ನನಗೆ ಹೇಳಬಹುದಿತ್ತು. ನಗುತ್ತಾ ಪರರ ಮಗಳಿಗೆ ಹೇಳುವುದೇ?

ಗಂಗಾಂಬಿಕಾ

~

ಹುಲುಲೆ
5 ಮೇ 1999

ಅಕ್ಕನಿಗೆ,

ನಿನ್ನ ಕಾಗದವನ್ನು ಹಲವು ಸಲ ಓದಿದೆ. ನಾನು ಹಾಗೆ ಹೇಳಲಿಲ್ಲ. ಲೈನು ಸರಿಯಿರಲಿಲ್ಲ. ಅವರು ಕೇಳಿದ್ದು ಬೇರೆ ಏನೋ ಎಂದು ತಿಳಿದು ಹೌದು ಎಂದೆ. ನೀನು ಒತ್ತಾಯ ಮಾಡಿಲ್ಲ. ಇದನ್ನು ಅವರಿಗೆ ಹೇಳು.

ನನ್ನ ಕೆಲಸ ಬದಲಾಗಿದೆ. ಈಗ ವಿಮಾನದ ಜೊತೆ ದ್ವೀಪಗಳಿಗೆ ಹೋಗುವುದಿಲ್ಲ, ಒಳಗೆ ವರ್ಕ್‌ಶಾಪಿನಲ್ಲಿ. ಬಿಸಿಲಿಲ್ಲ, ಫ್ಯಾನಿದೆ. ಮೊಣಕೈಗೆ ಸ್ವಲ್ಪ ಪೆಟ್ಟಾಗಿತ್ತು, ಜಾರಿ ಬಿದ್ದಿದ್ದೆ. ಮಾಯುತ್ತಿದೆ. ಭಾವನಿಗೆ ನಮಸ್ಕಾರ.

ಗವಿ

~

ಕೊಟ್ಟೂರು
20 ಜೂನ್ 1999

ಗವಿಗೆ,

ಬೇಕೆಂದೇ ತಡಮಾಡಿ ಬರೆಯುತ್ತಿದ್ದೇನೆ. ಸಿಟ್ಟು ಇಳಿಯಲಿ ಎಂದು ಕಾದೆ. ಅಷ್ಟಾಗಿ ಇಳಿದಿಲ್ಲ.

ನಿನಗೆ ಫ್ಯಾನಿನ ಕೆಳಗೆ ಒಳಗಿನ ಕೆಲಸ ಸಿಕ್ಕಿದ್ದನ್ನು ಪ್ರಮೋಷನ್ ಎಂದು ಓಣಿಗೆಲ್ಲ ಹೇಳಿದೆ. ಆ ಮಾತು ಹಡಗಲಿಗೂ ಹೋಯಿತು. ಅಲ್ಲಿ ಅದು ಬೇರೆ ಆಗಿ ಮುಟ್ಟಿದೆ: ಹುಡುಗ ದೊಡ್ಡ ಸಾಹೇಬ ಆಗಿದ್ದಾನೆ, ಈಗ ಹೂವಿನ ತೋಟದವನ ಮಗಳು ಅವನಿಗೆ ಸಣ್ಣವಳಾಗಿ ಕಾಣುತ್ತಾಳೆ ಎಂದು. ಲೈನು ಸರಿಯಿರಲಿಲ್ಲ ಎಂದು ಹೇಳಿಕಳಿಸಿದೆ. ಯಾರೂ ನಂಬಲಿಲ್ಲ. ಹೋದ ವಾರ ನಾವು ಕೊಟ್ಟ ಸೀರೆ, ಉಂಗುರ ತಿರುಗಿ ಬಂದವು. ನಾವೂ ಅವರದನ್ನು ಕಳಿಸಿದೆವು. ಅಲ್ಲಿಗೆ ಮುಗಿಯಿತು.

ಮುಗಿಯಿತು ಎಂದುಕೊಂಡರೆ ನಿನ್ನೆ ಆ ಹುಡುಗಿ ಒಬ್ಬಳೇ ಬಂದಳು. ನಾನು ಜೋಳ ಹಸನು ಮಾಡುತ್ತಿದ್ದೆ. ಒಳಗೆ ಕರೆಯಲೂ ಇಲ್ಲ. ಕಟ್ಟೆಯ ಹತ್ತಿರ ನಿಂತೇ ಕೇಳಿದಳು:

"ಅಕ್ಕಾರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ತಮ್ಮಗ ಕಿವಿ ಕೇಳಸ್ತೈತೇನ್ರಿ?"

ನನಗೆ ಮೈಯೆಲ್ಲ ಉರಿಯಿತು. ಅವಳು ಬಿಡಲಿಲ್ಲ. "ನನ್ನ ಒಂದನೇತ್ತ ಕ್ಲಾಸಿನಾಗ ಈ ವರ್ಷ ಒಂದು ಹುಡುಗಿ ಬಂದೈತಿ. ಏನು ಕೇಳಿದ್ರೂ ನಕ್ಕೋಂತ ಹೌದು ಅಂತೈತಿ. ಎಲ್ರೂ ದಡ್ಡಿ ಅಂದ್ರು. ಡಾಕ್ಟರ್ ನೋಡಿದ್ರ ಕಿವಿ ಕೇಳಂಗಿಲ್ಲಂತ. ಆಗ ನೆನಪಾತು. ನೋಡಾಕ ಬಂದ ದಿನ ಇವರು ನನ್ನ ಬಾಯಿನ ನೋಡ್ತಿದ್ರು. ನಾಚಿಗಿ ಇಲ್ದೋನು ಅಂತ ನಮ್ಮತ್ತಿ ಬೈದಳು. ಫೋನಿನಾಗ ಬಾಯಿ ಕಾಣಂಗಿಲ್ಲಲ್ರಿ."

ನಾನು ಮೊರ ಕೆಳಗಿಟ್ಟು ಎದ್ದು ನಿಂತೆ. "ಸಂಬಂಧ ಬಿಟ್ಟೀರಿ, ಆತು. ಇನ್ನ ಕುಂದು ಹಚ್ಚಾಕ ಇಲ್ಲೀತನ ಬಂದೀಯೇನು? ವಿಮಾನ ರಿಪೇರಿ ಮಾಡೋ ಕೆಲಸ ಕಿವುಡರಿಗೆ ಕೊಡ್ತಾರೇನು? ನಡಿ ಮೊದಲು" ಎಂದೆ. ಓಣಿಯವರು ಹೊರಗೆ ಬಂದು ನೋಡಿದರು. ಅವಳು ಬಸ್‌ಸ್ಟ್ಯಾಂಡಿನ ಕಡೆ ಹೊರಟುಹೋದಳು.

ನಿನ್ನ ಭಾವ ಅಂಗಡಿಯಿಂದ ಬಂದ ಮೇಲೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. "ಅಷ್ಟು ದೂರದಿಂದ ಒಬ್ಬಾಕಿನ ಬಂದು ಕೇಳಿದಳಲ್ಲ" ಎಂದರು, ಊಟಕ್ಕೆ ಕೂತರು.

ಒಂದು ಸಾಲು ಬರೆದು ನನ್ನ ಹೊಟ್ಟೆ ತಣ್ಣಗೆ ಮಾಡು.

ಅಕ್ಕ

~

ಹುಲುಲೆ
14 ಜುಲೈ 1999

ಅಕ್ಕನಿಗೆ,

ಅವರು ಕೇಳಿದ್ದು ನಿಜ. ನನಗೆ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಅರ್ಧ ಇದೆ.

ಇಲ್ಲಿಗೆ ಬರುವ ಮೊದಲು ಕಾನ್ಪುರದಲ್ಲಿ ಇಂಜಿನ್ ಪರೀಕ್ಷೆ ಮಾಡುವ ಕಡೆ ಇದ್ದೆನಲ್ಲ, ಅಲ್ಲೇ ಶುರುವಾಯಿತು. ಕಿವಿಗೆ ಹಾಕಿಕೊಳ್ಳಲು ಮುಚ್ಚಳ ಕೊಡುತ್ತಾರೆ. ಸೆಕೆಗೆ ಬೆವರು ಸುರಿಯುತ್ತದೆ ಎಂದು ನಾವು ಹುಡುಗರು ತೆಗೆದಿಡುತ್ತಿದ್ದೆವು. ಮೊದಲು ಕಿವಿಯೊಳಗೆ ಕುಕ್ಕರ್ ಕೂಗಿದ ಹಾಗೆ ಒಂದು ಸದ್ದು ಬಂತು. ರಾತ್ರಿ ಹಗಲು ಅದು ನಿಲ್ಲಲೇ ಇಲ್ಲ. ಅದರ ಹಿಂದೆ ಮಿಕ್ಕ ಸದ್ದುಗಳು ಒಂದೊಂದಾಗಿ ಮಾಯವಾದವು. ಎದುರಿಗೆ ಕೂತವರ ತುಟಿ ಕಂಡರೆ ಮಾತು ತಿಳಿಯುತ್ತದೆ. ರಜೆಗೆ ಬಂದಾಗ ನೀವು ಯಾರೂ ಗುರುತಿಸಲಿಲ್ಲ, ನೀವೆಲ್ಲ ಜೋರಾಗಿಯೇ ಮಾತಾಡುವವರು. ಹೇಳಿದರೆ ಕೆಲಸ ಹೋಗುತ್ತದೆ, ಮದುವೆಯೂ ನಿಲ್ಲುತ್ತದೆ ಎಂದು ಮುಚ್ಚಿಟ್ಟೆ. ಫೋನಿನಲ್ಲಿ ಅವರ ದನಿ ಗುಂಯ್ ಎಂದು ಬಂತೇ ಹೊರತು ಒಂದು ಅಕ್ಷರವೂ ಬಿಡಿಯಾಗಿ ಬರಲಿಲ್ಲ. ಹೆಣ್ಣುಮಗಳು ಮೊದಲ ಸಲ ಮಾತಾಡುತ್ತಿದ್ದಾರೆ, ಹೌದು ಎಂದರೆ ತಪ್ಪಾಗಲಿಕ್ಕಿಲ್ಲ ಎಂದುಕೊಂಡೆ.

ವರ್ಕ್‌ಶಾಪಿನ ಕೆಲಸ ಪ್ರಮೋಷನ್ ಅಲ್ಲ. ಫೋನು ಬಂದ ಮುಂದಿನ ವಾರ ಉತ್ತರದ ಹನಿಮಾಧೂ ದ್ವೀಪಕ್ಕೆ ಹೋಗಿದ್ದೆವು. ಜನ ಇಳಿದು ಬೇರೆಯವರು ಹತ್ತಿದರು. ಬಲಗಡೆಯ ಇಂಜಿನ್ ಹತ್ತಿರ ಎಣ್ಣೆ ಜಿನುಗಿದ ಹಾಗೆ ಕಂಡಿತು. ಒರೆಸಿ ನೋಡಲು ಪಂಖದ ಪಕ್ಕ ಬಗ್ಗಿದೆ. ಅಷ್ಟರಲ್ಲಿ ಕ್ಯಾಪ್ಟನ್ ಕಿಟಕಿಯಿಂದ ಬಲ ಇಂಜಿನ್ ಚಾಲೂ ಮಾಡುತ್ತೇನೆ ಎಂದು ಕೂಗಿದರಂತೆ. ಜಮೀಲನೂ ಕೂಗಿದನಂತೆ. ನಾನು ಆಗಲೇ ದೂರ ಸರಿದಿದ್ದೇನೆ ಎಂದು ಕ್ಯಾಪ್ಟನ್ ತಿಳಿದರು. ಪಂಖ ತಿರುಗಲು ಶುರುವಾದದ್ದು ನನ್ನ ಕಣ್ಣಿಗೆ ಬೀಳುವ ಮೊದಲೇ ಯಾರೋ ಹಿಂದಿನಿಂದ ಕಾಲರ್ ಹಿಡಿದು ಎಳೆದರು. ಡಾಂಬರಿನ ಮೇಲೆ ಬಿದ್ದೆ. ಎದ್ದು ನೋಡಿದರೆ ಜಮೀಲ್.

ಕಿಟಕಿಗಳಲ್ಲಿ ಜನರ ಮುಖ ಕಾಣುತ್ತಿದ್ದವು. ಒಬ್ಬ ತಾಯಿ ಮಗುವಿನ ಕಣ್ಣು ಮುಚ್ಚಿದ್ದಳು.

ತಿರುಗಿ ಬಂದ ಮೇಲೆ ಜಮೀಲ್ ನನ್ನನ್ನು ಸಮುದ್ರದ ದಂಡೆಗೆ ಕರೆದುಕೊಂಡು ಹೋದ. ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ, ನನಗೆ ತುಟಿ ಕಾಣುವ ಹಾಗೆ ನಿಂತು ಹೇಳಿದ: "ನಿನ್ನ ಕಿವಿಯ ಸಂಗತಿ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ, ಅದು ನನ್ನ ತಪ್ಪು. ನಾಳೆ ಚೀಫ್ ಇಂಜಿನಿಯರ್ ಹತ್ತಿರ ನೀನೇ ಹೇಳು. ನೀನು ಹೇಳದಿದ್ದರೆ ನಾನು ಹೇಳುತ್ತೇನೆ. ಆಮೇಲೆ ನನ್ನ ಜೊತೆ ಮಾತು ಬಿಟ್ಟರೂ ಚಿಂತೆಯಿಲ್ಲ."

ನಾನೇ ಹೋಗಿ ಹೇಳಿದೆ. ಇಲ್ಲಿಯ ರಾಜಧಾನಿ ಮಾಲೆಯ ಆಸ್ಪತ್ರೆಯಲ್ಲಿ ಪರೀಕ್ಷೆ ಆಯಿತು. ಹೋದದ್ದು ಬರುವುದಿಲ್ಲ ಎಂದರು. ಚೀಫ್ ಬೈಯಲಿಲ್ಲ. ವಿಮಾನದ ಹತ್ತಿರ ಹೋಗಬೇಡ, ಒಳಗೆ ಕೂತು ಚಕ್ರ, ಬ್ರೇಕು ಬಿಚ್ಚಿ ಕಟ್ಟು ಎಂದರು. ಡಿಸೆಂಬರಿಗೆ ಕರಾರು ಮುಗಿಯುತ್ತದೆ, ಮುಂದುವರಿಸುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ನಿನಗೆ ಜಾರಿ ಬಿದ್ದೆ ಎಂದು ಬರೆದೆ. ನಿನ್ನ ಹತ್ತಿರ ಹೇಳುವುದು ಚೀಫ್ ಹತ್ತಿರ ಹೇಳಿದ್ದಕ್ಕಿಂತ ಕಷ್ಟವಾಯಿತು.

ಅವರಿಗೆ ನೀನು ಬೈದು ಕಳಿಸಿದ್ದು ನನ್ನ ಸುಳ್ಳಿನಿಂದಲೇ. ಸಂಬಂಧ ಮತ್ತೆ ಕೂಡಿಸು ಎಂದು ನಾನು ಕೇಳುವುದಿಲ್ಲ. ಅವರು ಕೇಳಿದ್ದು ಸರಿಯಿತ್ತು ಎಂದಷ್ಟು ಹೇಳು.

ಗವಿ

~

ಕೊಟ್ಟೂರು
29 ಆಗಸ್ಟ್ 1999

ಗವಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದವನ್ನು ನಿನ್ನ ಭಾವ ಅಂಗಡಿಯಲ್ಲಿ ಓದಿ ಹೇಳಿದರು. ಪಂಖದ ಸಂಗತಿ ಬಂದಾಗ ನಾನು ಅಲ್ಲಿಂದ ಎದ್ದು ಹೊರಗೆ ಹೋದೆ. ಜಮೀಲನ ತಾಯಿ ಇದ್ದರೆ ಅವಳಿಗೆ ನನ್ನ ನಮಸ್ಕಾರ ತಿಳಿಸು.

ನಿನಗೆ ಬೈಯುವುದಿದೆ. ಎದುರಿಗೆ ಬಂದಾಗ ಬೈಯುತ್ತೇನೆ, ತುಟಿ ಕಾಣುವ ಹಾಗೆ.

ನಿನ್ನೆ ಹಡಗಲಿಗೆ ಹೋಗಿದ್ದೆವು, ನಾನೂ ನಿನ್ನ ಭಾವನೂ. ಗುರುಸಂಗಪ್ಪನವರು ತೋಟದಿಂದ ಆಗಷ್ಟೇ ಬಂದಿದ್ದರು. ಅವರ ಮನೆಯಲ್ಲಿ ಹೆಂಗಸರೆಲ್ಲ ಮೊಗ್ಗಿನ ಮಾಲೆ ಕಟ್ಟುತ್ತಾ ಕೂತಿದ್ದರು. ನಮ್ಮನ್ನು ನೋಡಿ ಯಾರೂ ಬಾ ಎನ್ನಲಿಲ್ಲ. ನಾನೇ ಹೋಗಿ ಕೂತೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಕಿವಿ, ಕೆಲಸ, ಡಿಸೆಂಬರು, ಒಂದನ್ನೂ ಬಿಡಲಿಲ್ಲ.

ಗುರುಸಂಗಪ್ಪನವರು ತೋಟದ ಮಣ್ಣಿನ ಕೈ ತೊಳೆದುಕೊಂಡು ಬಂದು ಕೂತರು. ಆಮೇಲೆ, "ಸುಳ್ಳಿಲ್ದಂಗ ಹೇಳಿದ್ರಿ, ಚೊಲೋ ಆತು. ಆದ್ರ ಹುಡುಗಗ ಕಿವಿ ಇಲ್ಲ, ನೌಕರಿ ನಿಂತು ಹೊಕ್ಕೈತಿ. ನಾನು ಹೆಂಗ ಕೊಡ್ಲಿ, ನೀವ ಹೇಳ್ರಿ" ಎಂದರು.

"ನಾನು ಕೊಡ್ರಿ ಅಂತ ಕೇಳಾಕ ಬಂದಿಲ್ರಿ. ನಿಮ್ಮ ಮಗಳು ಮನಿತನ ಬಂದಾಗ ಓಣಿ ಮಂದಿ ಮುಂದ ಬಾಯಿಗೆ ಬಂದಂಗ ಅಂದೆ. ಅದು ತಪ್ಪು. ಅದನ್ನ ಹೇಳಾಕ ಬಂದೀನಿ" ಎಂದೆ.

ಅವಳು ಅಲ್ಲೇ ಹೂವಿನ ಬುಟ್ಟಿಯ ಹತ್ತಿರ ಇದ್ದಳು. ತಲೆ ಎತ್ತಲಿಲ್ಲ. ಒಳಗೆ ಹೋದಳು. ಇನ್ನು ಬರುವುದಿಲ್ಲ ಎಂದುಕೊಂಡೆ. ಶಾಲೆಯ ಚೀಲದಿಂದ ಒಂದು ಪುಸ್ತಕ, ಪೆನ್ನು ತಂದು ನನ್ನ ಮುಂದೆ ಇಟ್ಟಳು.

"ಅವರ ವಿಳಾಸ ಬರದು ಕೊಡ್ರಿ."

ಗುರುಸಂಗಪ್ಪನವರು, "ಯಾಕವಾ, ವಿಳಾಸ ಯಾಕ ನಿನಗ?" ಎಂದರು.

"ಫೋನ್ ಮಾಡಿದ್ರ ಅವರಿಗೆ ಕೇಳಂಗಿಲ್ಲಲ್ಲಪ್ಪಾಜಿ" ಎಂದಳು.

ಅವಳ ಸೋದರತ್ತೆಯ ಕೈಯಲ್ಲಿದ್ದ ದಾರ ಹಾಗೇ ನಿಂತಿತ್ತು. ನಾನು ಬರೆಯುವುದು ನಿಧಾನ, ನಿನಗೆ ಗೊತ್ತು. ನಿಮ್ಮ ದ್ವೀಪದ ಹೆಸರು ಬರೆಯುವಾಗ ಕೈ ತಪ್ಪಿತು. ಅವಳು ಹೊಡೆದು ಹಾಕಿಸಿ ಮತ್ತೆ ಬರೆಸಿದಳು, ಮಕ್ಕಳಿಗೆ ಬರೆಸುವ ಹಾಗೆ. ಆಮೇಲೆ ಚಹಾ ತಂದುಕೊಟ್ಟಳು. ಗುರುಸಂಗಪ್ಪನವರು ಒಪ್ಪಿದರೆಂದು ನಾನು ಹೇಳಲಾರೆ. ಬಸ್ಸಿನವರೆಗೆ ನಡೆದುಬಂದರು, ನಿನ್ನ ಭಾವನ ಜೊತೆ ಮೋಟರಿನ ವಿಷಯ ಮಾತಾಡಿದರು, ಅಷ್ಟೇ.

ಅವಳು ಬರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಬರೆದರೆ ಏನು ಬರೆದಳೆಂದು ತಿಳಿಸು. ಅದು ನಿಮ್ಮಿಬ್ಬರದು, ನನಗೇಕೆ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಅಕ್ಕ

~

ಹುಲುಲೆ
24 ಅಕ್ಟೋಬರ್ 1999

ಅಕ್ಕನಿಗೆ ನಮಸ್ಕಾರ.

ಬಲಗಿವಿಗೆ ಒಂದು ಯಂತ್ರ ಕೊಟ್ಟಿದ್ದಾರೆ. ಹಾಕಿಕೊಂಡ ದಿನ ಜಮೀಲನ ದನಿ ಇಷ್ಟು ಕೀರಲೆಂದು ಮೊದಲ ಸಲ ತಿಳಿಯಿತು. ಅವನಿಗೆ ಹೇಳಿದೆ, ಯಂತ್ರ ಕಿತ್ತುಕೊಳ್ಳಲು ಬಂದ. ಅವನ ತಾಯಿಗೆ ನಿನ್ನ ನಮಸ್ಕಾರ ತಿಳಿಸಿದೆ. ಆಕೆ ನಿನಗೆ ಒಣಮೀನು ಕಳಿಸುತ್ತೇನೆ ಎಂದಳು. ನಮ್ಮ ಮನೆಯಲ್ಲಿ ತಿನ್ನುವುದಿಲ್ಲ ಎಂದು ಹೇಳುವುದರಲ್ಲಿ ಸಾಕಾಯಿತು. ಈಗ ಕೊಬ್ಬರಿ ಕಳಿಸುತ್ತಾಳಂತೆ.

ಹೋದ ವಾರ ಹನಿಮಾಧೂ ವಿಮಾನದಲ್ಲಿ ಒಂದು ಸೀಟು ಖಾಲಿ ಇತ್ತು. "ಒಂದು ಸಲ ಪ್ಯಾಸೆಂಜರ್ ಆಗಿ ಹೋಗಿ ಬಾ" ಎಂದರು ಚೀಫ್. ನನ್ನನ್ನೂ ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಮಾಡಿದರು. ಕಿಟಕಿಯ ಹತ್ತಿರ ಕೂತೆ. ಇಷ್ಟು ವರ್ಷ ಹಿಂದಿನ ಸೀಟಿನಲ್ಲಿ ಟೂಲ್ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಇಂಜಿನ್ನಿನ ಮೇಲೇ ಗಮನವಿಟ್ಟು ಕೂತವನಿಗೆ ಕೆಳಗೆ ನೋಡಲು ಪುರಸೊತ್ತಿರಲಿಲ್ಲ. ನೀರು ಆಳವಿಲ್ಲದ ಕಡೆಯಲ್ಲಿ ತಳದ ಮರಳು ಕಾಣುತ್ತದೆ ಅಕ್ಕಾ, ದೋಣಿಯ ನೆರಳು ಅದರ ಮೇಲೆ ಬಿದ್ದಿರುತ್ತದೆ. ನನ್ನ ಪಕ್ಕದಲ್ಲಿ ಒಬ್ಬ ಮುದುಕಿ ದಾರಿಯುದ್ದಕ್ಕೂ ನನ್ನ ಎಡಗಿವಿಗೆ ಏನೋ ಹೇಳುತ್ತಲೇ ಇದ್ದಳು. ಇಳಿಯುವಾಗ, ನನಗೆ ಕೇಳಿಸುವುದಿಲ್ಲ ಅಜ್ಜಿ ಎಂದು ಕೈಸನ್ನೆಯಿಂದ ತೋರಿಸಿದೆ. ಬದುಕಿನಲ್ಲಿ ಅಪರಿಚಿತರಿಗೆ ಅದನ್ನು ಹೇಳಿದ್ದು ಅದೇ ಮೊದಲು. ಆಕೆ ತಲೆಯಾಡಿಸಿ ಮತ್ತೆ ಮಾತು ಮುಂದುವರಿಸಿದಳು.

ಮುಂದಿನ ಕೆಲಸ ಇನ್ನೂ ಗೊತ್ತಾಗಿಲ್ಲ. ಬೆಂಗಳೂರಿನ ಎರಡು ವರ್ಕ್‌ಶಾಪಿಗೆ ಬರೆದಿದ್ದೇನೆ, ಕಿವಿಯ ವಿಷಯ ಮೊದಲ ಸಾಲಿನಲ್ಲೇ ಹಾಕಿದ್ದೇನೆ. ಒಬ್ಬರಿಂದ ಇಲ್ಲ ಎಂದು ಬಂದಿದೆ. ಇನ್ನೊಬ್ಬರಿಂದ ಉತ್ತರವಿಲ್ಲ. ಅಲ್ಲಿಯವರೆಗೆ ಭಾವನ ಅಂಗಡಿಯಲ್ಲಿ ಕೂರುತ್ತೇನೆ, ಅವರು ಬೇಡವೆನ್ನದಿದ್ದರೆ.

ಡಿಸೆಂಬರ್ ಮೊದಲ ವಾರ ಹೊರಡುತ್ತೇನೆ. ಕೊಟ್ಟೂರಿಗೆ ಬರುವ ಮೊದಲು ಹಡಗಲಿಯಲ್ಲಿ ಇಳಿಯುತ್ತೇನೆ. ಗುರುಸಂಗಪ್ಪನವರು ಬರಹೇಳಿದ್ದಾರೆ, ಮಗಳ ಎರಡನೆಯ ಕಾಗದದ ಕೊನೆಗೆ ತಮ್ಮ ಕೈಯಿಂದಲೇ ಎರಡು ಸಾಲು ಬರೆದಿದ್ದಾರೆ, ಬಂದು ಎದುರಿಗೆ ಕೂತು ಮಾತಾಡಿ, ಆಮೇಲೆ ದಿನ ನೋಡೋಣ ಎಂದು. ನೀವಿಬ್ಬರೂ ಅಲ್ಲಿಗೇ ಬನ್ನಿ.

ಹೌದು, ಎರಡನೆಯದು. ಈಗ ಮೂರು ಬಂದಿವೆ.

ಅವರು ಏನು ಬರೆದರೆಂದು ನೀನು ಕೇಳಿದ್ದೆ. ಇನ್ನು ಮೇಲೆ ನಿನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ ಅಕ್ಕಾ. ಇದೊಂದನ್ನು ಮಾತ್ರ ಹೇಳುವುದಿಲ್ಲ.

ನಿನ್ನ
ಗವಿ